ಹಗಲಲ್ಲಿ ಕಂಡ ರಾತ್ರಿ ಹಕ್ಕಿ, ಕತ್ತಲಲ್ಲಿ ಕಂಡ ಅಣಬೆ

ಜುಲೈ ಮಳೆಯಲ್ಲಿ ದಾಂಡೇಲಿ ಹತ್ತಿರದ ಗಣೇಶಗುಡಿಗೆ ಹೋಗಿದ್ದೇ ಕಪ್ಪೆಬಾಯಿ ಹಕ್ಕಿಗೋಸ್ಕರ. ಶ್ರೀಲಂಕಾ ಫ್ರಾಗ್‌ಮೌತ್ ಅಂತಾರಲ್ಲ, ಅದೇ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ರಾತ್ರಿ ಹಕ್ಕಿಯೇ, ಆದರೆ ನೋಡಲು ಹಗಲೇ ವಾಸಿ. ಹಗಲಿಡೀ ಒಂದೇ ಕೊಂಬೆ ಮೇಲೆ ಕದಲದೆ ಕೂತಿರುತ್ತದೆ.

ಗೈಡ್ ಅಣ್ಣ ತೋರಿಸಿದ ಕಡೆ ಐದು ನಿಮಿಷ ನೋಡಿದೆ. ಒಣ ಎಲೆ ಬಿಟ್ಟು ಏನೂ ಇಲ್ಲ. 'ಸರ್, ಯಾವ ಎಲೆಗೆ ಮೀಸೆ ಇದೆ ನೋಡಿ' ಅಂದರು. ಆಗ ಕಂಡಿತು! ಅಗಲ ಕೊಕ್ಕು, ಅದರ ಸುತ್ತ ಸಣ್ಣ ಸಣ್ಣ ಬಿರುಗೂದಲು. ಒಂದಲ್ಲ, ಎರಡು, ಮೈಗೆ ಮೈ ತಾಗಿಸಿಕೊಂಡು. ಬೂದು ಬಣ್ಣದ್ದು ಗಂಡು, ಕೆಂಗಂದು ಹೆಣ್ಣು. ಉದ್ದ ಸುಮಾರು 23 ಸೆಂಟಿಮೀಟರ್, ಅಷ್ಟೇ.

ರಾತ್ರಿ ಹೋಂಸ್ಟೇ ಹಿಂದಿನ ಕಾಲುದಾರಿಗೆ ಕರೆದುಕೊಂಡು ಹೋಗಿ ಟಾರ್ಚ್ ಆರಿಸಲು ಹೇಳಿದರು. ಹತ್ತು ನಿಮಿಷ ಸುಮ್ನೆ ನಿಂತೆವು, ಜಿಗಣೆಗಳ ಭಯದಲ್ಲೇ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಾಲ ಹತ್ತಿರದ ಕೊಳೆತ ಬಿದಿರಿನ ಮೇಲೆ ತಿಳಿಹಸಿರು ಚುಕ್ಕಿಗಳು ಒಂದೊಂದಾಗಿ ಕಾಣತೊಡಗಿದವು. ಮೈಸೀನ ಗುಂಪಿನ ಅಣಬೆ. ಶರ್ಟಿನ ಗುಂಡಿಗಿಂತ ಚಿಕ್ಕವು. ಬಗ್ಗಿ ನೋಡಿದರೆ ಕೊಡೆಯ ಅಡಿಯ ತೆಳು ಪದರಗಳೂ ಬೆಳಗುತ್ತಿದ್ದವು. ಬೆಳಿಗ್ಗೆ ಹಕ್ಕಿ ಹುಡುಕುತ್ತಾ ಇದೇ ಬಿದಿರು ದಾಟಿ ಹೋಗಿದ್ದೆವು ಅಲ್ವಾ, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಲೂಸಿಫೆರಿನ್ ಅನ್ನುವ ವಸ್ತು ಆಮ್ಲಜನಕದ ಜೊತೆ ಸೇರಿದಾಗ ಹುಟ್ಟುವ ಬೆಳಕು ಇದು, ಬಿಸಿ ಇರುವುದಿಲ್ಲ. ಬ್ರೆಜಿಲ್‌ನ ಇನ್ನೊಂದು ಹೊಳೆಯುವ ಅಣಬೆಯ ಮೇಲೆ 2015ರಲ್ಲಿ ಬಂದ ಅಧ್ಯಯನದಲ್ಲಿ, ಅಂಥ ಹಸಿರು ಬೆಳಕಿಗೆ ರಾತ್ರಿ ಕೀಟಗಳು ಬರುತ್ತವೆ ಅಂತ ಗೊತ್ತಾಯಿತು. ಹಾಗೆ ಬಂದ ಕೀಟಗಳು ಅಣಬೆಯ ಬೀಜಕಣಗಳನ್ನು ಹೊತ್ತೊಯ್ಯಬಹುದು. ನನಗೆ ತುಂಬಾ ಹಿಡಿಸಿದ್ದು ಇದೇ. ಕಪ್ಪೆಬಾಯಿಗೂ ಬೇಕಾಗಿರುವುದು ಕೀಟವೇ, ಆದರೆ ತಿನ್ನಲು. ಒಂದು ಕತ್ತಲಲ್ಲಿ ದೀಪ ಹಚ್ಚಿ ಕರೆಯುತ್ತದೆ, ಇನ್ನೊಂದು ಹಗಲೆಲ್ಲಾ ಎಲೆಯಂತೆ ಅಡಗಿದ್ದು ಕತ್ತಲಾದ ಮೇಲೆ ಬಾಯಿ ತೆರೆಯುತ್ತದೆ.

ಹೋಗುವವರು ದಯವಿಟ್ಟು ಹಕ್ಕಿಯ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ, ಅಣಬೆ ಕೀಳಬೇಡಿ. ಅಣಬೆಯ ಫೋಟೋಗೆ ಫ್ಲ್ಯಾಶ್ ಹೇಗೂ ಉಪಯೋಗವಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಶಟರ್ ಮೂವತ್ತು ಸೆಕೆಂಡ್ ತೆರೆದಿಟ್ಟರೆ ಹಸಿರು ತಾನಾಗಿಯೇ ಮೂಡುತ್ತದೆ.

ಮರುದಿನ ಹೊರಡುವ ಮುಂಚೆ ಎರಡೂ ಜಾಗಕ್ಕೆ ಹೋದೆ. ಬಿದಿರಿನ ಮೇಲೆ ಮಾಸಲು ಬಿಳಿಯ ಪುಟ್ಟ ಕೊಡೆಗಳು. ಹಕ್ಕಿಗಳು ನಿನ್ನೆಯ ಕೊಂಬೆಗೇ ವಾಪಸ್ ಬಂದು ಕಣ್ಣು ಮುಚ್ಚಿ ಕೂತಿದ್ದವು.