ಮಗುವಿನ ತೂಕ ಇಳಿಸಬೇಡಿ, ತಡೆದು ನಿಲ್ಲಿಸಿ

ಎಂಟು ವರ್ಷದ ಹುಡುಗ. ಎತ್ತರ 128 ಸೆಂ.ಮೀ., ತೂಕ 33 ಕೆ.ಜಿ. ತೂಕವನ್ನು ಎತ್ತರದಿಂದ (ಮೀಟರ್‌ನಲ್ಲಿ) ಎರಡು ಸಲ ಭಾಗಿಸಿದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ಅಂಕಿ) 20.1 ಬರುತ್ತದೆ. ದೊಡ್ಡವರಿಗೆ ಇದು ಸರಿಯಾದ ಅಂಕಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎಂಟು ವರ್ಷದ ಹುಡುಗರಿಗೆ 19.7 ದಾಟಿದರೆ ಬೊಜ್ಜು. ಮಕ್ಕಳ ಬಿಎಂಐಯನ್ನು ವಯಸ್ಸು, ಲಿಂಗ ನೋಡಿಯೇ ಅಳೆಯಬೇಕು. ಮೊಬೈಲಿನ ಸಾಮಾನ್ಯ ಕ್ಯಾಲ್ಕುಲೇಟರ್ ನಂಬಿದ ಮನೆಗಳಲ್ಲಿ ಎರಡು ಮೂರು ವರ್ಷ ಸುಮ್ಮನೆ ಕಳೆದುಹೋಗುತ್ತದೆ.

ಇದೇ ಹುಡುಗ ಒಂದು ವರ್ಷ 33 ಕೆ.ಜಿ.ಯಲ್ಲೇ ನಿಂತು 134 ಸೆಂ.ಮೀ.ಗೆ ಬೆಳೆದರೆ ಬಿಎಂಐ 18.4ಕ್ಕೆ ಇಳಿಯುತ್ತದೆ, ಬೊಜ್ಜಿನ ಗೆರೆಯ ಕೆಳಗೆ. ಒಂದು ಗ್ರಾಂ ಕೂಡ ಕರಗಿಸಬೇಕಾಗಿಲ್ಲ. ರಾತ್ರಿ ಊಟ ಬಿಡಿಸಿದರೆ ಬೆಳೆಯುವ ಮಗುವಿಗೆ ಪ್ರೊಟೀನ್, ಕಬ್ಬಿಣ ಸಾಲದಾಗುತ್ತದೆ. ಹಸಿದ ಮಗು ಕದ್ದು ತಿನ್ನುವುದನ್ನೂ ಕಲಿಯುತ್ತದೆ.

ಹಾಗಾದರೆ ಕಡಿಮೆ ಮಾಡುವುದು ಯಾವುದನ್ನು? ಮೊದಲು ಲೋಟ ನೋಡಿ, ಆಮೇಲೆ ತಟ್ಟೆ. ಹಾಲಿಗೆ ಬೆರೆಸುವ ಪುಡಿಯ ಡಬ್ಬದ ಹಿಂದೆ 100 ಗ್ರಾಂಗೆ 30 ಗ್ರಾಂ ಸಕ್ಕರೆ ಎಂದಿದ್ದರೆ, 25 ಗ್ರಾಂ ಪುಡಿಯಲ್ಲಿ ಏಳೂವರೆ ಗ್ರಾಂ. ಮೇಲೆ ಎರಡು ಟೀ ಚಮಚ ಸಕ್ಕರೆ, ಇನ್ನೊಂದು 10 ಗ್ರಾಂ. ಬೆಳಿಗ್ಗೆ, ಸಂಜೆ ಎರಡು ಲೋಟಕ್ಕೆ 35 ಗ್ರಾಂ. ದಿನಕ್ಕೆ 1,500 ಕಿಲೊಕ್ಯಾಲರಿ ಬೇಕಾದ ಮಗುವಿಗೆ ಸಕ್ಕರೆಯ ಗರಿಷ್ಠ ಮಿತಿಯೇ ಸುಮಾರು 37 ಗ್ರಾಂ. ಅದರ ಅರ್ಧದೊಳಗಿದ್ದರೆ ಇನ್ನೂ ಒಳ್ಳೆಯದು. ಬಿಸ್ಕತ್ತು, ಜ್ಯೂಸ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ! ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚಿಸಿತು. ಡಬ್ಬ ಮಾತ್ರ ಅಡುಗೆಮನೆಯಲ್ಲಿ ಹಾಗೇ ಇದೆ.

ಒಮ್ಮೆಲೇ ನಿಲ್ಲಿಸಿದರೆ ಮಗು ಹಾಲನ್ನೇ ಬೇಡ ಅನ್ನುತ್ತದೆ, ಮೂರನೇ ದಿನಕ್ಕೆ ಡಬ್ಬ ವಾಪಸ್ ಬರುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸಿ. ಅದು ಮುಗಿದ ಮೇಲೆ ಪುಡಿಯನ್ನು ಅರ್ಧ ಮಾಡಿ, ನಂತರ ಬಿಡಿಸಿ. ರಾಗಿ ಮಾಲ್ಟ್ ಒಳ್ಳೆಯದೇ, ಬೆಲ್ಲ ಸುರಿಯದಿದ್ದರೆ. ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ.

ಬೇಡದ ಕ್ಯಾಲರಿ ನುಸುಳುವ ಎರಡನೇ ತೂತು ಸಂಜೆ ನಾಲ್ಕರಿಂದ ಏಳು. ಮಧ್ಯಾಹ್ನದ ಡಬ್ಬಿ ಅರ್ಧ ಉಳಿಸಿಕೊಂಡು ಬಂದ ಮಗುವಿಗೆ ನಿಜವಾಗಿಯೂ ಹಸಿವಾಗಿರುತ್ತದೆ. ಆಗ ಸಿಗುವುದು ಬಿಸ್ಕತ್ತು ಪ್ಯಾಕೆಟ್, ಟ್ಯೂಷನ್ ದಾರಿಯ ಬೇಕರಿಯಲ್ಲಿ ಪಫ್ಸ್. ಒಂಬತ್ತೂವರೆಗೆ ಟಿವಿ ಮುಂದೆ ಊಟ. ಇದರ ಬದಲು ಮನೆಗೆ ಬಂದ ಹದಿನೈದು ನಿಮಿಷದೊಳಗೆ ಗಟ್ಟಿ ತಿಂಡಿಯನ್ನೇ ಕೊಡಿ: ಒಂದು ಬಟ್ಟಲು ಹೆಸರುಕಾಳಿನ ಉಸಲಿ, ಅಥವಾ ಒಂದು ಮೊಟ್ಟೆ ಮತ್ತು ಬಾಳೆಹಣ್ಣು, ಅಥವಾ ಎರಡು ಇಡ್ಲಿ. ರಾತ್ರಿ ಊಟ ಎಂಟರೊಳಗೆ. ಕಾಳು ನೆನೆಹಾಕುವುದು ಮರೆತ ದಿನವೇ ಬೇಕರಿ ಗೆಲ್ಲುತ್ತದೆ. ಆದ್ದರಿಂದ ವಾರಕ್ಕೆರಡು ಸಲ ಬೇಯಿಸಿ ಫ್ರಿಜ್‌ನಲ್ಲಿಡಿ, ತೆಗೆದಾಗ ಚೆನ್ನಾಗಿ ಬಿಸಿ ಮಾಡಿ.

ಎಣ್ಣೆಯನ್ನು ಚಮಚದಲ್ಲಿ ಅಳೆಯಲು ಹೋಗಬೇಡಿ, ತಿಂಗಳ ಸಾಮಾನಿನಲ್ಲೇ ಕಟ್ಟಿಹಾಕಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್, ನಾಲ್ವರ ಮನೆಗೆ ಎರಡು ಲೀಟರ್. ಈ ನಿಯಮ ಇಡೀ ಮನೆಗೆ. ಅಣ್ಣನಿಗೆ ಚಿಪ್ಸ್, ತಮ್ಮನಿಗೆ ಸೌತೆಕಾಯಿ ಅಂದರೆ ನಡೆಯುವುದಿಲ್ಲ. 'ಡುಮ್ಮ' ಎಂದು ಕರೆಯುವುದನ್ನೂ ಇವತ್ತೇ ನಿಲ್ಲಿಸಿ. ಅತ್ತ 'ಮೈಕೈ ತುಂಬಿಕೊಂಡಿದೆ, ದೃಷ್ಟಿ ತಗಲೀತು' ಎನ್ನುವ ಅಜ್ಜಿಯನ್ನು ವಾದದಲ್ಲಿ ಗೆಲ್ಲಲಾಗದು; ಉಸಲಿಯ ಜವಾಬ್ದಾರಿ ಅವರಿಗೇ ಕೊಟ್ಟು ನೋಡಿ.

ದಿನಕ್ಕೆ 60 ನಿಮಿಷ ಉಸಿರು ಏರುವಂಥ ಆಟ ಬೇಕು. ಭಾನುವಾರದ ಕ್ರಿಕೆಟ್ ಕೋಚಿಂಗ್‌ನಲ್ಲಿ ಬೌಂಡರಿ ಬಳಿ ನಿಂತದ್ದು ಇದಕ್ಕೆ ಸೇರುವುದಿಲ್ಲ. ಹತ್ತು ಹತ್ತು ನಿಮಿಷ ಎರಡು ಸಲ ಹಗ್ಗ ಜಿಗಿದು, ನಲವತ್ತು ನಿಮಿಷ ಲಗೋರಿಯೋ ಕಬಡ್ಡಿಯೋ ಆಡಿದರೆ ಸಾಕು. 6ರಿಂದ 12 ವರ್ಷದವರಿಗೆ ನಿದ್ದೆ 9 ಗಂಟೆಗಿಂತ ಕಡಿಮೆಯಾಗಬಾರದು. ನಿದ್ದೆ ಕೆಟ್ಟ ಮಗುವಿಗೆ ಮರುದಿನ ಸಿಹಿಯ ಆಸೆ ಜಾಸ್ತಿ.

ತೂಕ, ಎತ್ತರ ತಿಂಗಳಿಗೊಮ್ಮೆ ಸಾಕು: ಬರಿಗಾಲು, ತೆಳು ಬಟ್ಟೆ, ಅದೇ ತಕ್ಕಡಿ. ಸೊಂಟದ ಸುತ್ತಳತೆ ಎತ್ತರದ ಅರ್ಧ ದಾಟಿದ್ದರೆ ಹೊಟ್ಟೆಯ ಬೊಜ್ಜು ಎಂದೇ ತಿಳಿಯಿರಿ.

ಕತ್ತಿನ ಹಿಂದೆ ಉಜ್ಜಿದರೂ ಹೋಗದ ಕಪ್ಪು, ಗೊರಕೆಯ ನಡುವೆ ಉಸಿರು ನಿಂತಂತಾಗುವುದು, ಮಂಡಿ ಅಥವಾ ಸೊಂಟದ ನೋವಿನಿಂದ ಕುಂಟುವುದು ಕಂಡರೆ ಮಕ್ಕಳ ವೈದ್ಯರನ್ನು ಕಾಣಿ. ತಿಂದು ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ಓರಗೆಯವರಿಗಿಂತ ಎತ್ತರ ಇರುತ್ತಾರೆ. ದಪ್ಪಗಿದ್ದೂ ಗಿಡ್ಡವಾಗಿದ್ದರೆ ಥೈರಾಯ್ಡ್‌ನಂಥ ಹಾರ್ಮೋನ್ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.