ಕೆಮ್ಮೇ ಬರಲಿಲ್ಲ

ಗಂಗಾವತಿ ಕಡೆ ಡಿಸೆಂಬರ್ ಬಂತೆಂದರೆ ಎಲ್ಲಿ ನೋಡಿದರೂ ಭತ್ತದ ಹುಲ್ಲು. ಆಗ ಅಣ್ಣನಿಗೆ ಚೆನ್ನೈನಲ್ಲಿ ಶ್ವಾಸಕೋಶ ಕಸಿ ಆಗಿ ಹತ್ತು ತಿಂಗಳು. ಮಣ್ಣು, ಗೊಬ್ಬರ, ಹಳೇ ಹುಲ್ಲು ಯಾವುದನ್ನೂ ಮುಟ್ಟಬೇಡಿ ಅಂತ ಮನೆಗೆ ಕಳಿಸುವಾಗಲೇ ಹೇಳಿದ್ದರು.

ಆ ವಾರ ಮಳೆಗೆ ಬಣವೆ ನೆನೆದಿತ್ತು. ನಾನು ಪೇಟೆಯಿಂದ ಬರುವಷ್ಟರಲ್ಲಿ ಅಣ್ಣ ಮಾಸ್ಕ್ ಕೂಡ ಇಲ್ಲದೆ ಎಮ್ಮೆಗೆ ಹುಲ್ಲು ಹಿರಿಯುತ್ತಿದ್ದ. ಒಳಗಿನ ಹುಲ್ಲು ಕಾವು ಹಿಡಿದು, ಕಪ್ಪಗಾಗಿ, ಒಂದಕ್ಕೊಂದು ಅಂಟಿಕೊಂಡಿತ್ತು. ಒಂದೊಂದು ಹಿಡಿ ಎಳೆದಾಗಲೂ ಬೂದಿ ಬಣ್ಣದ ಪುಡಿ ಹೊಗೆ ಎದ್ದಂಗೆ ಅವನ ಮುಖಕ್ಕೇ ಏಳುತ್ತಿತ್ತು. "ಒಂದ್ ಹೊರಿ ಹುಲ್ಲಿಗೆ ಏನಾಗ್ತದ ಬಿಡೋ ತಮ್ಮಾ" ಅಂದ. ನಾನೂ ಸುಮ್ನಾದೆ. ಅದು ನನಗೆ ಇವತ್ತಿಗೂ ನೋವು.

ಮೂರು ವಾರ ಜ್ವರ ಇಲ್ಲ, ಕೆಮ್ಮು ಇಲ್ಲ. ಶ್ವಾಸಕೋಶ ಹೇಗೆ ಕೆಲಸ ಮಾಡ್ತಿದೆ ಅಂತ ನೋಡೋಕೆ ದಿನಾ ಬೆಳಗ್ಗೆ ಊದುವ ಮೀಟರಿನಲ್ಲಿ ಮಾತ್ರ 2.4 ಲೀಟರ್ ಇದ್ದದ್ದು 2.3 ಆಯ್ತು, ಆಮೇಲೆ 2.1. ಕ್ಯಾಲೆಂಡರ್ ಮೇಲೆ ಬರೆದಿಡುತ್ತಿದ್ದ ವೈನಿಯೇ ಅದನ್ನು ಗಮನಿಸಿದ್ದು. ಅವತ್ತೇ ಕಾರು ಮಾಡಿಕೊಂಡು ಹೊರಟೆವು.

ಕ್ಯಾಮೆರಾ ಟ್ಯೂಬ್ ಇಳಿಸಿ ನೋಡಿದರೆ, ಅಣ್ಣನ ಶ್ವಾಸನಾಳಕ್ಕೆ ಹೊಸ ಶ್ವಾಸಕೋಶ ಹೊಲಿದ ಜಾಗದಲ್ಲಿ ಬಿಳಿ ಪದರ. ಆಸ್ಪರ್ಜಿಲಸ್ ಅನ್ನೋ ಬೂಷ್ಟು. ಇದರ ಕಣ 2–3 ಮೈಕ್ರಾನ್ ಅಷ್ಟೇ, ನಾವೆಲ್ಲ ದಿನಾ ಉಸಿರಲ್ಲಿ ಎಳೆದುಕೊಳ್ಳುತ್ತೇವೆ, ನಮಗೇನೂ ಆಗಲ್ಲ. ಆದರೆ ಅಣ್ಣನ ದೇಹ ಹೊಸ ಶ್ವಾಸಕೋಶವನ್ನು ತಿರಸ್ಕರಿಸಬಾರದು ಅಂತ ಟ್ಯಾಕ್ರೋಲಿಮಸ್ ಕೊಟ್ಟು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸಿರುತ್ತಾರೆ, ಹೊಲಿಗೆ ಜಾಗಕ್ಕೆ ರಕ್ತ ಹರಿಯೋದೂ ಕಡಿಮೆ, ಅದರ ಮೇಲೆ ಕಸಿ ಮಾಡುವಾಗ ನರ ಕತ್ತರಿಸಿರುವುದರಿಂದ ಹೊಲಿಗೆ ಕೆಳಗೆ ಏನು ಸೇರಿಕೊಂಡರೂ ಕೆಮ್ಮು ಸರಿಯಾಗಿ ಬರಲ್ಲ. ಕೆಮ್ಮಿಲ್ಲ ಅಂತ ನಾವು ಖುಷಿಯಾಗಿದ್ದೆವು, ಅಲ್ವಾ!

ಬೂಷ್ಟು ಕೊಲ್ಲುವ ವೊರಿಕೊನಜೋಲ್ ಮಾತ್ರೆ ಶುರು ಮಾಡಿದರು. ಅದರ ಜೊತೆ ಟ್ಯಾಕ್ರೋಲಿಮಸ್ ರಕ್ತದಲ್ಲಿ ಜಾಸ್ತಿ ಏರುತ್ತದೆ, ಹಾಗಾಗಿ ಆ ಡೋಸ್ ಮೂರನೇ ಒಂದು ಭಾಗಕ್ಕೆ ಇಳಿಯಿತು. ಪದೇ ಪದೇ ರಕ್ತ ಪರೀಕ್ಷೆ. ಈ ಹೊಸ ಮಾತ್ರೆ ತಗೊಳ್ಳುವಾಗ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ, ನಮ್ಮೂರ ಬಿಸಿಲಂತೂ ಗೊತ್ತಲ್ಲ, ತುಂಬು ತೋಳಿನ ಅಂಗಿ ಇಲ್ಲದೆ ಅಣ್ಣ ಹೊಸ್ತಿಲು ದಾಟುತ್ತಿರಲಿಲ್ಲ.

ಆ ಹುಲ್ಲಿನಿಂದಲೇ ಬಂತು ಅಂತ ಡಾಕ್ಟರ್ ಖಚಿತವಾಗಿ ಹೇಳಲಿಲ್ಲ. ನನ್ನ ಮನಸ್ಸಿನಿಂದ ಮಾತ್ರ ಆ ಪುಡಿ ಹೋಗಿಲ್ಲ.

ಈ ಸಲ ಬಣವೆಯನ್ನು ದೂರ ಗದ್ದೆಯಲ್ಲೇ ಒಟ್ಟಿದ್ದೇವೆ. ಹುಲ್ಲು ಹಿರಿಯೋದು ನಾನು. ಮನೆಗೆ ಬಂದು, ಅಂಗಿ ಹೊರಗೇ ಬಿಚ್ಚಿ, ಸ್ನಾನ ಮಾಡಿ, ಆಮೇಲೆ ಅಣ್ಣನ ಪಕ್ಕ ಹೋಗಿ ಕೂರುತ್ತೇನೆ.