ರೊಟ್ಟಿ ಬಿಟ್ಟರೆ ತೂಕ ಇಳಿಯುತ್ತಾ? ಕಲಬುರಗಿ ತಾಟಿನ ಲೆಕ್ಕ

"ಅನ್ನ ಪೂರಾ ಬಿಟ್ಟೀನ್ರಿ, ಎರಡೂ ಹೊತ್ತು ರೊಟ್ಟಿನೇ. ಆದ್ರೂ ತೂಕ ಇಳೀವಲ್ದು." ಕಲಬುರಗಿ ಕಡೆ ತೂಕದ ಮಾತು ಬಂತೆಂದರೆ ಈ ದೂರು ಇದ್ದದ್ದೇ. ಪಕ್ಕದಲ್ಲಿ ಕೂತವರು "ನಮ್ಮ ಕಾಕಾ ರೊಟ್ಟಿನೂ ಬಿಟ್ರು, ಒಂದ ವಾರದಾಗ ಎರಡು ಕಿಲೋ ಕಡಿಮಿ ಆತು" ಅನ್ನುತ್ತಾರೆ. ಇಬ್ಬರ ಮಾತೂ ಖರೆ. ರೊಟ್ಟಿ, ಅನ್ನ, ಸಕ್ಕರೆಯಲ್ಲಿ ತುಂಬಿರುವ ಕಾರ್ಬೋಹೈಡ್ರೇಟ್ (ಕಾರ್ಬ್) ಕಡಿಮೆ ಮಾಡಿದರೆ ತೂಕ ಇಳಿಯುತ್ತದೆ, ಆದರೆ ಯಾವುದನ್ನು ಕಡಿಮೆ ಮಾಡಿದಿರಿ, ಆ ಜಾಗಕ್ಕೆ ಏನು ತಂದಿರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ಆ ಕಾಕಾನ ಎರಡು ಕಿಲೋ. ತಿಂದ ಪಿಷ್ಟ, ಸಕ್ಕರೆಯಲ್ಲಿ ಒಂದಿಷ್ಟನ್ನು ದೇಹ ಗ್ಲೈಕೋಜೆನ್ ರೂಪದಲ್ಲಿ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಎಲ್ಲ ಸೇರಿ 400-500 ಗ್ರಾಂ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ರೊಟ್ಟಿ, ಅನ್ನ ಏಕಾಏಕಿ ನಿಂತಾಗ ಈ ದಾಸ್ತಾನು ಖರ್ಚಾಗುತ್ತದೆ, ಹಿಡಿದಿಟ್ಟ ನೀರು ಮೂತ್ರದಲ್ಲಿ ಹೊರಟುಹೋಗುತ್ತದೆ. ಮೊದಲ ವಾರದ ಒಂದೂವರೆ ಎರಡು ಕಿಲೋದಲ್ಲಿ ಹೆಚ್ಚಿನ ಪಾಲು ಇದೇ. ಮುಂದೆ ಯಾರದೋ ಮದುವೆಯಲ್ಲಿ ಹೋಳಿಗೆ ಊಟ ಮಾಡಿ ಬಂದ ಮರುದಿನ ಒಂದು ಕಿಲೋ ವಾಪಸ್ ಬಂದರೆ ಅದೂ ನೀರೇ. ಅದಕ್ಕೆ ಹೆದರಿ ಪಥ್ಯ ಕೈಬಿಡುವವರೇ ಜಾಸ್ತಿ.

ಕೊಬ್ಬು ಕರಗುವುದು ದಿನದ ಒಟ್ಟು ಕ್ಯಾಲೊರಿ ಇಳಿದರೆ ಮಾತ್ರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಬ್ ಕಡಿಮೆಯ ಊಟ, ಇನ್ನೊಂದಕ್ಕೆ ಕೊಬ್ಬು ಕಡಿಮೆಯ ಊಟ ಹೇಳಿ ಒಂದು ವರ್ಷ ನೋಡಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಕಾರ್ಬ್ ಬಿಟ್ಟವರು ಸರಾಸರಿ 6 ಕಿಲೋ, ಕೊಬ್ಬು ಬಿಟ್ಟವರು 5.3 ಕಿಲೋ ಇಳಿದಿದ್ದರು. ಈ ಅಂತರ ಲೆಕ್ಕಕ್ಕೇ ಇಲ್ಲ. ಗಮನಿಸಬೇಕಾದ ಮಾತೆಂದರೆ ಎರಡೂ ಗುಂಪಿಗೆ ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ ಎಂದು ಹೇಳಿದ್ದರು.

ಹಾಗಾದರೆ ನಾವು ಕಾರ್ಬ್‌ಗೇ ಯಾಕೆ ಗಂಟು ಬೀಳಬೇಕು? ನಮ್ಮ ತಾಟಿನಲ್ಲಿ ರಾಶಿ ಬಿದ್ದಿರುವುದು ಅದೇ. ಭಾರತೀಯರ ದಿನದ ಕ್ಯಾಲೊರಿಯಲ್ಲಿ ಶೇ. 60ಕ್ಕೂ ಹೆಚ್ಚು ಕಾರ್ಬ್‌ನಿಂದ ಬರುತ್ತದೆ, ಪ್ರೋಟೀನ್ ಪಾಲು ತೀರಾ ಕಡಿಮೆ. ಕತ್ತರಿಸಲು ಜಾಗ ಇರುವುದೇ ಅಲ್ಲಿ.

ಈಗ ರೊಟ್ಟಿಯ ಲೆಕ್ಕ. "ಎರಡ ರೊಟ್ಟಿ ಅಷ್ಟ" ಅನ್ನುವವರ ರೊಟ್ಟಿ ಎಷ್ಟು ದೊಡ್ಡದು ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಅಗಲವಾಗಿ ಬಡಿದ ಒಂದು ಬಿಸಿ ಜೋಳದ ರೊಟ್ಟಿಗೆ ಸಾಮಾನ್ಯವಾಗಿ 60 ಗ್ರಾಂ ಹಿಟ್ಟು ಹೋಗುತ್ತದೆ, ಕೆಲವು ಮನೆಗಳಲ್ಲಿ 80. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ 334 ಕ್ಯಾಲೊರಿ, ನಾರು ಬಿಟ್ಟು 68 ಗ್ರಾಂ ಕಾರ್ಬ್, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು. ಅಂದರೆ 60 ಗ್ರಾಂ ಹಿಟ್ಟಿನ ಒಂದು ರೊಟ್ಟಿ 200 ಕ್ಯಾಲೊರಿ, 40 ಗ್ರಾಂ ಕಾರ್ಬ್. 30 ಗ್ರಾಂ ಹಿಟ್ಟಿನ, ಎಣ್ಣೆ ಸವರದ ಚಪಾತಿ ಸುಮಾರು 95 ಕ್ಯಾಲೊರಿ. ಒಂದು ರೊಟ್ಟಿ ಎರಡು ಚಪಾತಿಗೆ ಸಮ. ಜೋಳ, ಗೋಧಿ ಎರಡರಲ್ಲೂ ಕಾರ್ಬ್ ಹೆಚ್ಚುಕಡಿಮೆ ಒಂದೇ, ಆದ್ದರಿಂದ ರೊಟ್ಟಿ ಬಿಟ್ಟು ಚಪಾತಿಗೆ ಹೋದರೂ, ಚಪಾತಿ ಬಿಟ್ಟು ರೊಟ್ಟಿಗೆ ಬಂದರೂ ಹಿಟ್ಟಿನ ತೂಕ ಇಳಿಯದೆ ನಿಮ್ಮ ತೂಕ ಇಳಿಯದು. "ಜೋಳ ಶುಗರ್‌ಗೆ ಒಳ್ಳೇದು" ಅನ್ನುವ ಮಾತಿನ ಧೈರ್ಯದ ಮೇಲೆ ನಾಲ್ಕು ರೊಟ್ಟಿ ಮುರಿಯುವವರಿಗೂ ಇದೇ ಲೆಕ್ಕ.

ಖಡಕ್ ರೊಟ್ಟಿ ಇನ್ನೊಂದು ಮೋಸ. ನೀರೆಲ್ಲ ಆರಿರುವುದರಿಂದ ಕೈಗೆ ಹಗುರ, ಬಾಯಿಗೆ ಕುರುಕಲು. ಹಾಗಂತ ಹಿಟ್ಟು ಆರಿಹೋಗಿರುವುದಿಲ್ಲ. ಮಾತಾಡುತ್ತಾ ಹಿಂಡಿ (ಚಟ್ನಿಪುಡಿ) ಹಚ್ಚಿಕೊಂಡು ಮೂರು ಖಡಕ್ ರೊಟ್ಟಿ ಮುಗಿಸಿದ್ದು ಊಟದ ಲೆಕ್ಕಕ್ಕೇ ಬರುವುದಿಲ್ಲ.

ಅಳತೆಗೆ ಒಂದು ಉಪಾಯ: ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಒಂದೇ ಒಂದು ದಿನ ನಾದಿದ ಉಂಡೆಯನ್ನು ತೂಗಿ. ಜೋಳದ ಹಿಟ್ಟು ಹೆಚ್ಚುಕಡಿಮೆ ತನ್ನಷ್ಟೇ ತೂಕದ ನೀರು ಕುಡಿಯುತ್ತದೆ. ಉಂಡೆ 120 ಗ್ರಾಂ ಬಂದರೆ ಒಳಗೆ 60 ಗ್ರಾಂ ಹಿಟ್ಟು. ಇದನ್ನು 80 ಗ್ರಾಂ ಉಂಡೆಗೆ ಇಳಿಸಿದರೆ 40 ಗ್ರಾಂ ಹಿಟ್ಟು, 135 ಕ್ಯಾಲೊರಿ. ತೆಳ್ಳಗೆ ಬಡಿಯುವಾಗ ಅಂಚು ಒಡೆದರೆ ಎಸರು ಸಾಕಷ್ಟು ಕುದಿದಿಲ್ಲ ಎಂದರ್ಥ. ಜೋಳಕ್ಕೆ ಗೋಧಿಯ ಅಂಟು ಇಲ್ಲ, ಕುದಿಯುವ ನೀರು ಬಿದ್ದು ಪಿಷ್ಟ ಬೆಂದಾಗಲೇ ಹಿಟ್ಟಿಗೆ ಜಿಗಿ ಬರುವುದು. ಹಳೆ ಹಿಟ್ಟಿಗೆ ಜಿಗಿ ಕಡಿಮೆ, ಸಣ್ಣ ರೊಟ್ಟಿ ಮಾಡುವವರು ಎಂಟು ಹತ್ತು ದಿನಕ್ಕಾಗುವಷ್ಟೇ ಬೀಸಿಸಿಕೊಳ್ಳುವುದು ಮೇಲು.

ಆದರೆ ಕತ್ತರಿ ಮೊದಲು ಬೀಳಬೇಕಾದ್ದು ರೊಟ್ಟಿಗಲ್ಲ. ರೊಟ್ಟಿ ಮುಗಿದ ಮೇಲೆ "ಒಂಚೂರು ಅನ್ನ ಹಾಕ್ಕೊಳ್ರಿ" ಎಂದು ಬರುತ್ತದಲ್ಲ, ಅದಕ್ಕೆ. ಹೊಟ್ಟೆ ಆಗಲೇ ತುಂಬಿರುತ್ತದೆ, ಅನ್ನ ಬರುವುದು ರೂಢಿಯಿಂದ. ಒಂದು ವಾಟಿ ಅನ್ನಕ್ಕೆ 50 ಗ್ರಾಂ ಅಕ್ಕಿ, ಸುಮಾರು 180 ಕ್ಯಾಲೊರಿ, ನಾರು ಹೆಸರಿಗಷ್ಟೇ. ಎರಡು ಹೊತ್ತಿಗೆ 360. ಆಮೇಲೆ ಚಹಾ. ಕಪ್ಪಿಗೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ ಹಿಡಿದರೆ 40 ಕ್ಯಾಲೊರಿ. ಮನೆಯಲ್ಲಿ ಎರಡು, ಆಫೀಸಿನಲ್ಲಿ ಎರಡು, ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕ ಗೆಳೆಯರ ಜೊತೆ ಒಂದು: 200 ಕ್ಯಾಲೊರಿ, ಒಂದು ಪೂರ್ತಿ ರೊಟ್ಟಿ ಕುಡಿದಂತೆ, ಹಾಲಿನದು ಬೇರೆ. ಬೇಸಿಗೆಯಲ್ಲಿ ಇದರ ಮೇಲೆ ಕಬ್ಬಿನ ಹಾಲು ಸೇರಿದರೆ ದೊಡ್ಡ ಗ್ಲಾಸಿಗೆ ಸುಮಾರು 30 ಗ್ರಾಂ ಸಕ್ಕರೆ. ಎರಡು ಹೊತ್ತಿನ ಅನ್ನ, ಚಹಾದ ಸಕ್ಕರೆ ಎರಡನ್ನೇ ನಿಲ್ಲಿಸಿದರೂ ರೊಟ್ಟಿ ಮುಟ್ಟದೆ ದಿನಕ್ಕೆ 500 ಕ್ಯಾಲೊರಿ ದಾಟುತ್ತದೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದರೆ ಕಾಗದದ ಮೇಲೆ ತಿಂಗಳಿಗೆ ಎರಡು ಕಿಲೋ. ನಿಜದಲ್ಲಿ ಒಂದರಿಂದ ಒಂದೂವರೆ ಸಿಕ್ಕರೆ ಸಾಕು, ಯಾಕೆಂದರೆ ತೂಕ ಇಳಿದ ಹಾಗೆ ದೇಹದ ಖರ್ಚೂ ಇಳಿಯುತ್ತದೆ.

ಸಕ್ಕರೆಯನ್ನು ಒಮ್ಮೆಲೇ ಬಿಟ್ಟರೆ ನಾಲ್ಕನೇ ದಿನ ತಿರುಗಿ ಬರುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ಎರಡು ಚಮಚ ಸೊನ್ನೆಗೆ ಬರಲು ನಾಲ್ಕು ವಾರ. ಬೆಲ್ಲ ಹಾಕಿದರೆ ನಡೆಯುತ್ತದಾ ಅನ್ನುವವರಿಗೆ: ಇಲ್ಲ. ಕ್ಯಾಲೊರಿ ಲೆಕ್ಕದಲ್ಲಿ ಬೆಲ್ಲ ಸಕ್ಕರೆಯ ತಮ್ಮನೇ.

ಸುಸಲಾ (ಚುರುಮುರಿ ನೆನೆಸಿ ಹಾಕಿದ ಒಗ್ಗರಣೆ), ಮಿರ್ಚಿ ಭಜಿಯ ವಿಷಯ ಬಿಡುವ ಹಾಗಿಲ್ಲ. 50 ಗ್ರಾಂ ಚುರುಮುರಿಯ ಸುಸಲಾ ಅಂದರೆ ಚುರುಮುರಿಯದೇ 175 ಕ್ಯಾಲೊರಿ ಆಗುತ್ತದೆ, ಪ್ರೋಟೀನ್ ನಾಲ್ಕು ಗ್ರಾಂ ಕೂಡ ಕಷ್ಟ, ಹನ್ನೊಂದು ಗಂಟೆಗೆ ಮತ್ತೆ ಹಸಿವು. ಅದನ್ನೇ ತಿನ್ನಬೇಕೆಂದರೆ ಚುರುಮುರಿ ಅರ್ಧ ಮಾಡಿ, ನೆನೆಸಿ ಬೇಯಿಸಿದ ಹೆಸರುಕಾಳು ಅಥವಾ ಮಡಿಕೆಕಾಳು ಒಂದು ವಾಟಿ, ಉಳ್ಳಾಗಡ್ಡಿ, ಪುಟಾಣಿ ಪುಡಿ ಬೆರೆಸಿ. ಮಿರ್ಚಿ ಎಷ್ಟು ಎಣ್ಣೆ ಕುಡಿದಿದೆ ಅನ್ನುವುದು ಕರಿದವರಿಗೂ ಗೊತ್ತಿರುವುದಿಲ್ಲ. ಅಪ್ಪನ ಕೆರೆ ಸುತ್ತ ಒಂದು ತಾಸು ಬಿರುಸಾಗಿ ನಡೆದರೆ 70 ಕಿಲೋ ಮನುಷ್ಯ ಖರ್ಚು ಮಾಡುವುದು ಸುಮಾರು 250 ಕ್ಯಾಲೊರಿ. ವಾಕಿಂಗ್ ಮುಗಿಸಿ ಬಂಡಿ ಮುಂದೆ ನಿಂತರೆ ಅದು ಹತ್ತು ನಿಮಿಷದಲ್ಲಿ ಜಮಾ.

ರೊಟ್ಟಿ ಬಿಟ್ಟೂ ತೂಕ ಇಳಿಯದವರ ಮನೆಯಲ್ಲಿ ನೋಡಬೇಕಾದ್ದು ಹಿಂಡಿ ಡಬ್ಬಿ, ಎಣ್ಣೆ ಪಾಕೀಟು. ಕಾರ್ಬ್, ಪ್ರೋಟೀನ್ ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬು 9. ಶೇಂಗಾದಲ್ಲಿ ಕಾರ್ಬ್ ಕಡಿಮೆ ಎಂದು ಕೇಳಿ ಒಂದು ರೊಟ್ಟಿ ಬಿಟ್ಟು ಮುಷ್ಟಿ ಶೇಂಗಾ ಹುರಿದು ತಿಂದರೆ, 40 ಗ್ರಾಮಿಗೇ 200 ಕ್ಯಾಲೊರಿ: ರೊಟ್ಟಿ ತಿಂದಷ್ಟೇ ಆಯಿತು, ಹೊಟ್ಟೆ ಮಾತ್ರ ಖಾಲಿ. ಶೇಂಗಾ ಹಿಂಡಿ ಎರಡು ದೊಡ್ಡ ಚಮಚ ನೂರು ಕ್ಯಾಲೊರಿ, ಅದರ ಮೇಲೆ ಗುಳಿ ಮಾಡಿ ಸುರಿದ ಎಣ್ಣೆ ಒಂದು ದೊಡ್ಡ ಚಮಚಕ್ಕೆ ಇನ್ನೊಂದು 120. ಹಿಂಡಿಗೆ ಮೊಸರು ಹಾಕಿಕೊಳ್ಳುವ ಪದ್ಧತಿಯೂ ನಮ್ಮದೇ, ಅದಕ್ಕೆ ಬನ್ನಿ. ಎಣ್ಣೆಯನ್ನು ಚಮಚದಲ್ಲಿ ಅಳೆಯಲು ಯಾರಿಗೂ ವ್ಯವಧಾನ ಇರುವುದಿಲ್ಲ, ಪಾಕೀಟು ಒಡೆದ ದಿನ ತಾರೀಖು ಬರೆದಿಡಿ. ನಾಲ್ಕು ಜನರ ಮನೆಗೆ ಒಂದು ಲೀಟರ್ 12 ದಿನ ಬಂದರೆ ತಲೆಗೆ ದಿನಕ್ಕೆ ಸುಮಾರು 20 ಮಿ.ಲೀ. ಏಳು ದಿನಕ್ಕೇ ಮುಗಿದರೆ 35 ಮಿ.ಲೀ., ಹತ್ತಿರಹತ್ತಿರ 300 ಕ್ಯಾಲೊರಿ. ಎಣ್ಣೆಗಾಯಿ ಪಲ್ಯ ಮಾಡುವ ಮನೆಯಲ್ಲಿ ಈ ತಾರೀಖು ಬಹಳ ಮಾತಾಡುತ್ತದೆ.

ಖಾಲಿಯಾದ ಜಾಗಕ್ಕೆ ಬರಬೇಕಾದ್ದು ಪ್ರೋಟೀನ್, ತಪ್ಪಲು (ಸೊಪ್ಪು). ಹಸಿವು ತಡೆಯುವುದು ಅವೆರಡೂ, ತೂಕ ಇಳಿಯುವಾಗ ಸ್ನಾಯು ಉಳಿಸುವುದು ಪ್ರೋಟೀನ್. ಮೈತೂಕದ ಒಂದೊಂದು ಕಿಲೋಗೆ ದಿನಕ್ಕೆ ಒಂದು ಗ್ರಾಂ ಪ್ರೋಟೀನ್ ಲೆಕ್ಕ ಹಿಡಿಯಿರಿ. ತೊಗರಿ ಕಣಜ ಎಂದು ಹೆಸರು ಪಡೆದು, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ಬಂದಿರುವ ಊರಲ್ಲಿ ನಾಲ್ಕು ಜನರಿಗೆ ಒಂದು ಮುಷ್ಟಿ ಬೇಳೆಯ ತಿಳಿಸಾರು ಮಾಡುತ್ತೇವೆ. ಇದು ನಗುವ ಮಾತಲ್ಲ. ಗಟ್ಟಿ ಬೇಳೆ ಒಂದು ವಾಟಿಗೆ 30 ಗ್ರಾಂ ಒಣಬೇಳೆ ಬೇಕು, ಆಗ ಆರೂವರೆ ಗ್ರಾಂ ಪ್ರೋಟೀನ್. ನಾಲ್ವರಿಗೆ ಎರಡು ಹೊತ್ತಿಗೆ 240 ಗ್ರಾಂ ಬೇಳೆ ಇಡಿ. ಜೋಳದ ಪ್ರೋಟೀನಿನಲ್ಲಿ ಕೊರತೆ ಇರುವ ಲೈಸಿನ್ ಎಂಬ ಅಮೈನೊ ಆಮ್ಲ ಬೇಳೆಯಲ್ಲಿ ಧಾರಾಳ ಇದೆ, ಎರಡೂ ಕೂಡಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಮೊಟ್ಟೆ ತಿನ್ನದವರ ಮನೆಯಲ್ಲಿ 65 ಕಿಲೋ ತೂಕಕ್ಕೆ ಹೀಗೆ ಕೂಡಿಸಬಹುದು: ಮೂರು ರೊಟ್ಟಿಯಿಂದ 18, ಎರಡು ವಾಟಿ ಗಟ್ಟಿಬೇಳೆಯಿಂದ 13, 300 ಗ್ರಾಂ ಮೊಸರಿನಿಂದ 9, ನೆನೆಸಿದ ಕಾಳು (ಒಣ ಲೆಕ್ಕ 40 ಗ್ರಾಂ) 9, ಒಣ ಸೋಯಾ ಚಂಕ್ಸ್ 30 ಗ್ರಾಂ ಪಲ್ಯಕ್ಕೆ ಬಿದ್ದರೆ 15. ಒಟ್ಟು 64. ತಿನ್ನುವವರಿಗೆ ಮೊಟ್ಟೆಯೊಂದಕ್ಕೆ 6, ಕೆಲಸ ಸುಲಭ. ರೊಟ್ಟಿ ಕಡಿಮೆ ಆದಾಗ ನಾರೂ ಕಡಿಮೆ ಆಗಿ ಮಲಬದ್ಧತೆ ಶುರುವಾಗುತ್ತದೆ, ಇದು ಎರಡನೇ ವಾರದ ಖಾಯಂ ದೂರು. ಪುಂಡಿ ಪಲ್ಯ, ರಾಜಗಿರಿ, ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ ತಾಟಿನ ಅರ್ಧ ಭಾಗ ಹಿಡಿಯಲಿ. ಎಳ್ಳಮಾಸಿಯ (ಎಳ್ಳು ಅಮಾವಾಸ್ಯೆಯ) ಭಜ್ಜಿ, ಕರಿದ ಭಜಿ ಅಲ್ಲ, ಈ ಲೆಕ್ಕಕ್ಕೆ ಹೊಂದುವ ಅಡುಗೆ, ಕಾಳು ತಪ್ಪಲು ಎಲ್ಲ ಅದರಲ್ಲೇ ಇದೆ. ವರ್ಷಕ್ಕೊಮ್ಮೆ ಮಾತ್ರ ಯಾಕೆ ಮಾಡಬೇಕೋ ತಿಳಿಯದು.

ಕಾರ್ಬ್ ಬಹುತೇಕ ಬಿಟ್ಟು ಕೊಬ್ಬಿನ ಮೇಲೆ ನಡೆಯುವ ಕೀಟೋ ಪಥ್ಯ ಬೇರೆ ಮಾತು. ಅದರಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬ್ ಮಾತ್ರ, ಅಂದರೆ ಒಂದು ರೊಟ್ಟಿ ಮುರಿದರೆ ದಿನದ ಪಾಲು ಬಹುತೇಕ ಮುಗೀತು, ಬೇಳೆಗೂ ಜಾಗ ಇಲ್ಲ. ಹಸಿವು ಕಡಿಮೆಯಾಗುವುದು ನಿಜ, ಕೆಲವರಿಗೆ ಒಗ್ಗುವುದೂ ನಿಜ. ಆದರೆ ಬೇಳೆ ಬಿಟ್ಟು ಪನೀರು, ತುಪ್ಪದ ಮೇಲೆ ಬದುಕುವ ಪಥ್ಯ ಇಲ್ಲಿನ ಕುಟುಂಬದಲ್ಲಿ ಎಷ್ಟು ತಿಂಗಳು ನಡೆದೀತು? ತುಪ್ಪ, ಬೆಣ್ಣೆ ಹೆಚ್ಚಾದಾಗ ಕೆಲವರ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಜೋರಾಗಿ ಏರುತ್ತದೆ, ಮೊದಲೊಮ್ಮೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಕಾರ್ಬ್ ಇಳಿದಾಗ ಇನ್ಸುಲಿನ್ ಇಳಿದು ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೆಚ್ಚು ಹೊರಹಾಕುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ, 42 ಡಿಗ್ರಿ ದಾಟುವ ಊರಲ್ಲಿ ಇದನ್ನು ಶುರು ಮಾಡಿದರೆ ತಲೆಸುತ್ತು, ಮೀನಖಂಡದ ಸೆಳೆತ ಬರಬಹುದು. ಬಿ.ಪಿ., ಕಿಡ್ನಿ ತೊಂದರೆ ಇಲ್ಲದವರಿಗೆ ಉಪ್ಪು ಹಾಕಿದ ಮಜ್ಜಿಗೆ ದಿನಕ್ಕೆ ಎರಡು ಮೂರು ಗ್ಲಾಸ್. ಮಧ್ಯಮ ದಾರಿಯೇ ನಡೆಯುವ ದಾರಿ: ಹೊತ್ತಿಗೊಂದು ರೊಟ್ಟಿ, ಗಟ್ಟಿಬೇಳೆ, ಮೊಸರು, ತಪ್ಪಲು. ಕಾರ್ಬ್ 140-150 ಗ್ರಾಮಿನಲ್ಲಿ ನಿಲ್ಲುತ್ತದೆ.

ಶುಗರ್ ಗುಳಿಗೆ ನುಂಗುವವರು ಮಾತ್ರ ಡಾಕ್ಟರಿಗೆ ಹೇಳದೆ ಯಾವುದನ್ನೂ ಇಳಿಸಬಾರದು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಡೋಸ್ ಹಳೆಯ ಊಟಕ್ಕೆ ಹೊಂದಿಸಿದ್ದು. ರೊಟ್ಟಿ ಅರ್ಧ ಮಾಡಿ ಗುಳಿಗೆ ಅಷ್ಟೇ ಇಟ್ಟರೆ ಶುಗರ್ 70ರ ಕೆಳಗೆ ಬಿದ್ದು ಬೆವರು, ನಡುಕ, ಕಣ್ಣು ಕತ್ತಲೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಗುಳಿಗೆ ತೆಗೆದುಕೊಳ್ಳುವವರಿಗೆ ಕೀಟೋ ಇನ್ನೂ ಅಪಾಯ: ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್, ಅದೂ ಮೀಟರಿನಲ್ಲಿ ಶುಗರ್ ಹೆಚ್ಚು ತೋರಿಸದೆಯೇ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ. ಗರ್ಭಿಣಿಯರು, ಹಾಲೂಡಿಸುವವರು, ಕಿಡ್ನಿ ರೋಗಿಗಳು ಸ್ವಂತ ಪ್ರಯೋಗಕ್ಕೆ ಇಳಿಯಲೇಬಾರದು.

ತೂಕ ವಾರಕ್ಕೆ ಮೂರು ದಿನ, ಬೆಳಿಗ್ಗೆ ಮಲಮೂತ್ರ ಮುಗಿಸಿ ಚಹಾಕ್ಕೆ ಮುಂಚೆ ನೋಡಿ, ಮೂರರ ಸರಾಸರಿ ಬರೆದಿಡಿ. ಹೊಟ್ಟೆಯ ಸುತ್ತಳತೆ ಹದಿನೈದು ದಿನಕ್ಕೊಮ್ಮೆ: ಕೆಳ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಹೆಚ್ಚು ಎಂದೇ ಲೆಕ್ಕ. ಮೂರು ವಾರ ಸರಾಸರಿಯೂ ಅಲುಗದೆ ಸುತ್ತಳತೆಯೂ ಇಳಿಯದಿದ್ದರೆ ಇನ್ನೊಂದು ರೊಟ್ಟಿ ಬಿಡುವ ಮುನ್ನ ಉಂಡೆಯನ್ನು ಮತ್ತೊಮ್ಮೆ ತೂಗಿ. 80 ಗ್ರಾಂ ಇದ್ದದ್ದು ಸದ್ದಿಲ್ಲದೆ 110 ಆಗಿರುತ್ತದೆ. ಅದು ಸರಿ ಇದ್ದರೆ ಎಣ್ಣೆ ಪಾಕೀಟಿನ ತಾರೀಖು, ಆಮೇಲೆ ಆಫೀಸಿನ ಚಹಾ. ಮೂರೂ ಸರಿಯಿದ್ದು ತೂಕ ನಿಂತಿದ್ದರೆ ಆಗ ರಾತ್ರಿಯ ರೊಟ್ಟಿಯನ್ನು ಅರ್ಧ ಮಾಡಿ.